ಹನ್ನೊಂದು ಕೆಜಿ

ಜನವರಿ 11, ಗುರುವಾರ

ಇಂದು ಉಪವಾಸ. ನಾಲ್ಕೂವರೆಗೆ ಎದ್ದೆ. ಕಸ ಗುಡಿಸಿ, ನೀರು ತುಂಬಿ, ಒಲೆ ಒರೆಸಿ, ಪ್ರಾರ್ಥನೆ ಮುಗಿಸುವ ಹೊತ್ತಿಗೆ ನಮ್ಮವರು ಎದ್ದು ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದರು. ಅವರು ಗಡಿಯಾರ ರಿಪೇರಿ ಮಾಡುವವರು. ಮನೆಯಲ್ಲಿ ಹದಿನಾರು ಗಡಿಯಾರಗಳಿವೆ, ಒಂದೊಂದೂ ಒಂದೊಂದು ಹೊತ್ತು ಹೇಳುತ್ತದೆ. ಆರಕ್ಕೆ ಹಾಸ್ಟೆಲಿನ ಅಡುಗೆಮನೆಯಲ್ಲಿದ್ದೆ. ನರ್ಸಿಂಗ್ ಕಲಿಯುವ ನೂರಾಹತ್ತು ಹುಡುಗಿಯರಿಗೆ ಇಪ್ಪತ್ತೆರಡು ವರ್ಷದಿಂದ ಬೇಯಿಸಿ ಹಾಕುತ್ತಿದ್ದೇನೆ.

ಈ ನೋಟ್‌ಬುಕ್ಕು ನಿನ್ನೆ ಆಸ್ಪತ್ರೆಯಲ್ಲಿ ಕೊಟ್ಟದ್ದು. ತಂಗಿಯ ಎರಡು ಕಿಡ್ನಿಗಳೂ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು, ಮಷೀನಿಗೆ ಕಟ್ಟಿಹಾಕಿದ ಹಾಗೆ ಮಲಗಿರುತ್ತಾಳೆ. ನನ್ನದೊಂದು ತೆಗೆದು ಅವಳಿಗೆ ಹಾಕಿ ಎಂದೆ. ರಕ್ತ ಹೊಂದುತ್ತದಂತೆ, ನಾನೇ ಹೊಂದುವುದಿಲ್ಲವಂತೆ. ತೂಕ ಎಂಬತ್ತನಾಲ್ಕು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೇನಂತೆ. ಆರು ತಿಂಗಳಲ್ಲಿ ಹನ್ನೊಂದು ಕೆಜಿ ಇಳಿಸಿಕೊಂಡು, ಸಕ್ಕರೆಯನ್ನೂ ತಗ್ಗಿಸಿಕೊಂಡು ಬಂದರೆ ಮುಂದಿನ ಮಾತು ಎಂದರು ದೊಡ್ಡ ಡಾಕ್ಟರು.

ಊಟದ ವಿಷಯ ನೋಡಿಕೊಳ್ಳುವ ಡಯಟ್ ಮೇಡಂ ಒಬ್ಬರಿದ್ದಾರೆ, ನನ್ನ ಮಗಳ ವಯಸ್ಸು ಇರಬಹುದು, ನನಗೆ ಮಗಳಿದ್ದಿದ್ದರೆ. ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಿ, ನನಗೆ ತೋರಿಸುವುದು ಬೇಡ, ನಿಮಗೆ ನೀವೇ ಸುಳ್ಳು ಹೇಳಿಕೊಳ್ಳದಿದ್ದರೆ ಸಾಕು ಎಂದರು. ನಾನು ಒಪ್ಪೊತ್ತು ಉಣ್ಣುವವಳು, ವಾರಕ್ಕೊಂದು ಉಪವಾಸ ಬೇರೆ, ದೇವರೇ ಸಾಕ್ಷಿ ಎಂದೆ. ಅವರು ನನ್ನ ತೂಕದ ಚೀಟಿ ನೋಡಿದರು, ನನ್ನನ್ನು ನೋಡಿದರು, ಈ ನೋಟ್‌ಬುಕ್ಕು ಕೈಗಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಬರುವಾಗ ತಂಗಿಗೆ ಹೇಳಿಯೇ ಬಂದೆ. ನಿನ್ನನ್ನು ಎತ್ತಿಕೊಳ್ಳಲು ಆಳಿಲ್ಲವೆಂದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ನೀನು ಓದಿ ಟೀಚರ್ ಆದೆ, ನಾನು ಸೌಟು ಹಿಡಿದೆ. ಈಗಲೂ ಕೊಡುವವಳು ನಾನೇ, ಹೆದರಬೇಡ ಎಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಸುಸ್ತು, ಪಾಪ.

ಹಿಡಿದ ಹಟ ಬಿಟ್ಟ ಜಾತಿಯಲ್ಲ ನಾನು. ಹನ್ನೊಂದು ಕೆಜಿ ಎಂದರೆ ಎಷ್ಟು? ನಾನು ದಿನಾ ಎತ್ತುವ ಬೇಳೆಯ ಪಾತ್ರೆ ಅದಕ್ಕಿಂತ ಭಾರ.

ಜನವರಿ 12, ಶುಕ್ರವಾರ

ಬಾಯಿಗೆ ಹೋದದ್ದು: ಬೆಳಿಗ್ಗೆ ಉಪವಾಸ ಬಿಡಲು ಸಿಹಿ ಹಾಲು ಎರಡು ಲೋಟ, ಬಾಳೆಹಣ್ಣು ಮೂರು, ನಿನ್ನೆ ಉಂಡಿಲ್ಲವಲ್ಲ ಎಂದು ನಾಲ್ಕು ರೊಟ್ಟಿ. ಅಡುಗೆಮನೆಯಲ್ಲಿ ಬೇಳೆಗೆ ಉಪ್ಪು ಸಾಲದೇನೋ ಎಂದು ಅಂಗೈಗೆ ಒಂದು ಸೌಟು. ಉಪ್ಪು ಹಾಕಿದ ಮೇಲೆ ಸರಿಯಾಯಿತೇ ಎಂದು ಇನ್ನೊಂದು. ಅನ್ನ ಬೆಂದಿದೆಯೇ ಎಂದು ಒಂದು ಹಿಡಿ. ಕರಿದದ್ದು ಗರಿಗರಿಯಾಗಿದೆಯೇ ಎಂದು ಎರಡು, ಮುರಿದುಹೋದವು ಎಂದು ನಾಲ್ಕು. ಹುಡುಗಿಯರು ಉಂಡು ಹೋದ ಮೇಲೆ ಪಾತ್ರೆಯ ತಳದಲ್ಲಿ ಹತ್ತಿದ ಅನ್ನ ಕೆರೆದು, ಉಳಿದ ಬೇಳೆ ಸುರಿದು ತಿಂದೆ. ಚೆಲ್ಲುವುದು ಹೇಗೆ? ಅನ್ನ ದೇವರು. ಅಮ್ಮ ನೆಲಕ್ಕೆ ಬಿದ್ದ ಅಗುಳನ್ನೂ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು.

ಮಧ್ಯಾಹ್ನ ಎರಡೂವರೆಗೆ ಒಂದು ಪುಟ ತುಂಬಿತು. ನಾನಿನ್ನೂ ಊಟಕ್ಕೆ ಕೂತಿರಲಿಲ್ಲ.

ಪಾತ್ರೆ ತೊಳೆಯುವವಳು ಇಣುಕಿ ನೋಡಿದಳು. ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ, ಬೆಳಿಗ್ಗೆ ಬಾಯಿ ತೆರೆದರೆ ಕರೆಂಟು ಹೋದರೂ ನಿಲ್ಲುವುದಿಲ್ಲ.

“ಅಕ್ಕಾ, ನೀವು ಒಂದೇ ಊಟ ಮಾಡೋದು ನಿಜ. ಬೆಳಿಗ್ಗೆ ಶುರುವಾದ್ರೆ ಸಂಜೆ ಮುಗಿಯೋ ಊಟ,” ಎಂದಳು.

ನಗು ಬರಲಿಲ್ಲ. ಇಪ್ಪತ್ತೆರಡು ವರ್ಷ ದೇವರನ್ನು ಸಾಕ್ಷಿಗೆ ಕರೆಯುತ್ತಿದ್ದೆನಲ್ಲ, ಅವನು ಏನೆಂದುಕೊಂಡಿರಬೇಕು.

ಜನವರಿ 21, ಭಾನುವಾರ

ನಡೆಯಲು ಶುರು ಮಾಡಿ ಆರು ದಿನ. ಮನೆಯಿಂದ ನೀರಿನ ಟ್ಯಾಂಕಿನ ತನಕ ಹೋಗಿ ಬರುವುದು. ಮೊದಲ ದಿನ ಅರ್ಧ ದಾರಿಗೇ ಏದುಸಿರು ಬಂದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ನಮ್ಮವರು ಒಂದು ರಿಸ್ಟ್ ವಾಚು ಕೊಟ್ಟು, ಹೊರಡುವಾಗ ಗಂಟೆ ನೋಡಿಕೊ, ಬಂದ ಮೇಲೆ ನನಗೆ ಹೇಳು ಎಂದರು. ಬಂದು ಐವತ್ತೆರಡು ನಿಮಿಷ ಎಂದೆ. ವಾಚು ಮುಂದೋಡುತ್ತಿದೆಯೇನೋ ಎಂದು ತೆಗೆದು ಕಿವಿಗೆ ಹಿಡಿದು ನೋಡಿದರು. ವಾಚು ಸರಿಯಾಗಿಯೇ ಇತ್ತು.

ಇಂದು ನಲವತ್ತನಾಲ್ಕು.

ದಾರಿಯಲ್ಲಿ ಹಾಲಿನವನು, ಔಷಧಿ ಅಂಗಡಿಯವನ ಹೆಂಡತಿ, ಹಾಸ್ಟೆಲಿನ ಗೇಟು ಕಾಯುವವನು, ಎಲ್ಲರೂ ಏನು ಹೊಸದಾಗಿ ಎಂದು ಕೇಳಿದರು. ಎಲ್ಲರಿಗೂ ಹೇಳಿದೆ, ತಂಗಿಗೋಸ್ಕರ ಎಂದು. ಕಿಡ್ನಿ ಕೊಡುತ್ತೇನೆ, ಅವಳಿಗೋಸ್ಕರ ಹಿಂದೆ ಶಾಲೆಯನ್ನೂ ಬಿಟ್ಟವಳು ಎಂದು. ಔಷಧಿ ಅಂಗಡಿಯವನ ಹೆಂಡತಿ ಕಣ್ಣು ಒರೆಸಿಕೊಂಡಳು. ಇಂಥ ಅಕ್ಕ ಯಾರಿಗೆ ಸಿಗುತ್ತಾಳೆ ಎಂದಳು. ಆಮೇಲೆ ನಡೆಯುವುದು ಅಷ್ಟು ಕಷ್ಟವೆನಿಸಲಿಲ್ಲ.

ಫೆಬ್ರವರಿ 10, ಶನಿವಾರ

ನಿನ್ನೆ ಆದದ್ದನ್ನು ಬರೆಯಬಾರದು ಎಂದುಕೊಂಡಿದ್ದೆ. ಸುಳ್ಳು ಬೇಡ ಎಂದಿದ್ದಾರೆ, ಬರೆಯುತ್ತೇನೆ.

ತಿಂಗಳಾದರೂ ತೂಕ ಎಂಬತ್ಮೂರರ ಕೆಳಗೆ ಬಾರದೆ ನಿಂತಿತ್ತು. ಬುಧವಾರದಿಂದ ಮೂರು ದಿನ ಸತತ ಉಪವಾಸ ಎಂದು ದೇವರ ಮುಂದೆ ಹೇಳಿಕೊಂಡೆ. ಬರೀ ನೀರು. ನಾನು ಹೊಟ್ಟೆ ಕಟ್ಟುತ್ತೇನೆ, ನೀನು ಕೆಜಿ ಇಳಿಸು ಎಂದು. ಮೂರನೆಯ ದಿನ ಬೇಳೆಯ ಪಾತ್ರೆ ಒಲೆಯಿಂದ ಇಳಿಸುವಾಗ ಕಣ್ಣು ಕತ್ತಲೆ ಬಂತು. ರೇಡಿಯೋ ಕೈಯಲ್ಲಿದ್ದ ತಟ್ಟೆಗಳನ್ನೆಲ್ಲ ಬಿಸಾಕಿ ಬಂದು ಪಾತ್ರೆಯ ಇನ್ನೊಂದು ಕಿವಿ ಹಿಡಿದಳು. ಅವಳ ಮಣಿಕಟ್ಟು ಸುಟ್ಟು ಬೊಬ್ಬೆ ಬಂದಿದೆ. ನನಗೇನೂ ಆಗಲಿಲ್ಲ. ಅದೇ ನನಗೆ ನುಂಗಲಾರದ ತುತ್ತು.

ಅವಳು ಅಂದು ಒಂದು ಮಾತೂ ಆಡಲಿಲ್ಲ. ಅಡುಗೆಮನೆ ಸ್ಮಶಾನದಂತಿತ್ತು.

ಇಂದು ಡಯಟ್ ಮೇಡಂ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತೆ. ಅವರು ಮೆಲ್ಲಗೆ ಕೇಳಿದರು.

“ಅಮ್ಮಾ, ಈ ಉಪವಾಸ ದೇವರಿಗಾ, ತಕ್ಕಡಿಗಾ?”

ತಕ್ಕಡಿಗೆ ಎಂದೆ.

“ದೇವರಿಗಾದ್ರೆ ವಾರಕ್ಕೊಂದು ದಿನ ಮಾಡಿ, ನಾನು ಬೇಡ ಅನ್ನಲ್ಲ. ತಕ್ಕಡಿಗಾದ್ರೆ ದಿನಾ ಮೂರು ಹೊತ್ತು ಕೂತು ಊಟ ಮಾಡಿ.”

ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಬೇಳೆ ಇಲ್ಲವೆ ಮೊಟ್ಟೆ, ಕಾಲು ಭಾಗ ಅನ್ನ ಇಲ್ಲವೆ ರೊಟ್ಟಿ. ಉಪವಾಸ ಬಿಡುವಾಗ ಬಂದ ಸಿಟ್ಟನ್ನೆಲ್ಲ ಬಾಳೆಹಣ್ಣಿನ ಮೇಲೆ ತೀರಿಸಬಾರದು. ಇಷ್ಟೇ. ಇದನ್ನು ಹೇಳಲು ಅಷ್ಟು ಓದಬೇಕೇ ಎನ್ನಿಸಿತು. ಮಾಡಲು ಎಷ್ಟು ಓದಿದರೂ ಸಾಲದು ಎಂದೂ ಎನ್ನಿಸಿತು.

ಸಂಜೆ ರೇಡಿಯೋ ಮನೆಗೆ ಮುಲಾಮು ತೆಗೆದುಕೊಂಡು ಹೋದೆ. “ಬಂದ್ರಾ? ನಿಮ್ಮ ದೇವ್ರು ಬಂದಿದ್ರೂ ಬಾಗ್ಲು ತೆಗೀತಿರ್ಲಿಲ್ಲ ಇವತ್ತು,” ಎಂದು ಬಾಗಿಲು ತೆರೆದಳು.

ಫೆಬ್ರವರಿ 13, ಮಂಗಳವಾರ

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು, ತಟ್ಟೆಗೆ ಬಡಿಸಿಕೊಂಡು, ಕೂತು ಉಂಡೆ. ಹುಡುಗಿಯರು ಒಬ್ಬರ ಹಿಂದೊಬ್ಬರು ಬಂದು ಇಣುಕಿದರು. ಅಡುಗೆಯಮ್ಮನಿಗೆ ಹುಷಾರಿಲ್ಲ ಎಂದುಕೊಂಡರಂತೆ.

ಫೆಬ್ರವರಿ 27, ಮಂಗಳವಾರ

ರುಚಿ ನೋಡುವುದನ್ನು ಚಿಕ್ಕ ಚಮಚಕ್ಕೆ ಇಳಿಸಿದ್ದೇನೆ, ಪಾತ್ರೆಗೊಂದೇ ಸಲ. ಕೈಗೆ ಉಪ್ಪಿನ ಅಳತೆ ಗೊತ್ತೇ ಇತ್ತು, ನಾಲಿಗೆ ಸುಮ್ಮನೆ ಮೇಸ್ತ್ರಿಕೆ ಮಾಡುತ್ತಿತ್ತು.

ಆದರೆ ಪಾತ್ರೆಯ ತಳದ್ದು ಬಿಡಲಾಗುತ್ತಿಲ್ಲ. ತಿಂದರೆ ಮೈಗೆ ಪಾಪ, ಚೆಲ್ಲಿದರೆ ದೇವರಿಗೆ ಪಾಪ. ಮೂರು ದಿನ ಇದೇ ಯೋಚನೆ. ಇಂದು ಬೆಳಿಗ್ಗೆ ನಡೆಯುವಾಗ, ಟ್ಯಾಂಕಿನ ಹತ್ತಿರ ತಿರುಗುವಾಗ, ಹೊಳೆಯಿತು. ತಪ್ಪಾಗುವುದು ಚೆಲ್ಲುವಾಗ ಅಲ್ಲ, ಅಳೆಯುವಾಗ. ನೂರಾಹತ್ತು ಜನಕ್ಕೆಂದು ಅಕ್ಕಿ ಹಾಕುತ್ತೇನೆ, ಉಣ್ಣಲು ಬರುವವರು ಎಂಬತ್ತೋ ತೊಂಬತ್ತೋ. ಉಳಿದವರು ವಾರ್ಡಿನಲ್ಲಿ ಡ್ಯೂಟಿ, ಇಲ್ಲ ನಿದ್ದೆ. ಹೆಚ್ಚಾದದ್ದನ್ನು ಇಷ್ಟು ವರ್ಷ ನನ್ನ ಹೊಟ್ಟೆಯೊಳಗೆ ಬಚ್ಚಿಟ್ಟು, ಒಂದಗುಳೂ ಹಾಳು ಮಾಡದವಳು ಎಂದು ಮೆರೆದೆ.

ಊಟದ ಕೋಣೆಯ ಬಾಗಿಲಿಗೆ ಕರಿಹಲಗೆ ತೂಗುಹಾಕಿಸಿದೆ. ಮಧ್ಯಾಹ್ನ ಉಣ್ಣುವವರು ಬೆಳಿಗ್ಗೆ ಎಂಟರೊಳಗೆ ಗೆರೆ ಎಳೆಯಬೇಕು. ಗೆರೆ ಇದ್ದಷ್ಟೇ ಅಕ್ಕಿ. ಹಾಸ್ಟೆಲಿನ ವಾರ್ಡನ್ ಮೊದಲು ಮುಖ ಗಂಟಿಕ್ಕಿದರು, ಹುಡುಗಿಯರು ಗೆರೆ ಎಳೆಯಲು ಮರೆತು ಹಸಿದುಕೊಂಡರೆ ಗತಿ ಏನು ಎಂದರು. ಒಂದು ದಿನ ಹಸಿದರೆ ಮರುದಿನ ಮರೆಯುವುದಿಲ್ಲ ಎಂದೆ.

ಮಾರ್ಚ್ 8, ಶುಕ್ರವಾರ

ಹತ್ತು ದಿನದಿಂದ ಉಳಿಯುವುದು ಒಂದು ಬೋಗುಣಿ ಮಾತ್ರ. ಅದು ರೇಡಿಯೋ ಮನೆಯ ಕೋಳಿಗಳಿಗೆ. ಕೋಳಿಗಳು ದಪ್ಪಗಾಗುತ್ತಿವೆ, ಅವಕ್ಕೂ ಒಂದು ನೋಟ್‌ಬುಕ್ಕು ಕೊಡಿಸಿ ಎನ್ನುತ್ತಾಳೆ.

ಎಂಬತ್ತು ಕೆಜಿ. ಟ್ಯಾಂಕಿಗೆ ಎರಡು ಸುತ್ತು.

ಏಪ್ರಿಲ್ 6, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ತಂಗಿ ಮಷೀನಿನಲ್ಲಿದ್ದಳು. ಕೈಯಿಂದ ಕೆಂಪು ಕೊಳವೆ ಹೊರಟು ಮಷೀನಿಗೆ ಹೋಗಿ ಮತ್ತೆ ಕೈಗೇ ಬರುತ್ತದೆ. ದಿನಕ್ಕೆ ಇಷ್ಟೇ ನೀರು ಎಂದು ಅಳತೆ. ತುಟಿ ಒಡೆದಿತ್ತು. ಅವಳ ಶಾಲೆಯ ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಎದೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ತಿದ್ದುತ್ತಿದ್ದಳು.

ಅವಳಿಗೆ ಧೈರ್ಯ ತುಂಬೋಣವೆಂದು ಹೇಳಿದೆ. ಎಪ್ಪತ್ತೆಂಟಕ್ಕೆ ಬಂದಿದ್ದೇನೆ, ನಿನಗೋಸ್ಕರ ಸಿಹಿ ಬಿಟ್ಟೆ, ಕರಿದದ್ದು ಬಿಟ್ಟೆ, ಬೆಳಿಗ್ಗೆ ಐದಕ್ಕೆ ರಸ್ತೆಯಲ್ಲಿರುತ್ತೇನೆ, ಮಂಡಿ ನೋವಿದ್ದರೂ ಬಿಟ್ಟಿಲ್ಲ ಎಂದೆ. ಅವಳು ಕಿಟಕಿಯ ಪರದೆ ಸ್ವಲ್ಪ ಸರಿಸು ಎಂದಳು. ಸರಿಸಿದೆ. ಅವಳು ಮತ್ತೆ ಉತ್ತರಪತ್ರಿಕೆ ತಿದ್ದತೊಡಗಿದಳು.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರು, ಬಸ್ಸಿನವರು ಎಂದೇ ಕರೆಯುತ್ತೇವೆ. ಮೆಟ್ಟಿಲ ತನಕ ಬಂದು ಅಲ್ಲೇ ನಿಂತರು. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ.

“ಅಕ್ಕಾವ್ರೇ, ತಪ್ಪು ತಿಳ್ಕೋಬೇಡಿ. ಅವಳ ಮುಂದೆ ಕೆಜಿ ಲೆಕ್ಕ ಹೇಳ್ಬೇಡಿ.”

ಯಾಕೆ ಎಂದೆ. ನೀವು ಬಂದು ಹೋದ ದಿನ ಅವಳು ಊಟ ಬಿಡುತ್ತಾಳೆ ಎಂದರು.

ಏಪ್ರಿಲ್ 7, ಭಾನುವಾರ

ಒಳ್ಳೆಯದಕ್ಕೆ ಕಾಲವಿಲ್ಲ. ಆದರೂ ನಡೆದೆ.

ಏಪ್ರಿಲ್ 25, ಗುರುವಾರ

ಉಪವಾಸ. ಪ್ರಾರ್ಥನೆಗೆ ನೆಲದ ಮೇಲೆ ಕೂತೆ, ಏಳುವಾಗ ಗೋಡೆ ಹಿಡಿಯಲಿಲ್ಲ. ಏನನ್ನೂ ಕೇಳಿಕೊಳ್ಳದೆ ಎದ್ದು ಬಂದೆ, ಬಂದ ಮೇಲೆ ನೆನಪಾಯಿತು. ಪರವಾಗಿಲ್ಲ, ಅವನಿಗೆ ಗೊತ್ತಿರುತ್ತದೆ.

ಮೇ 5, ಭಾನುವಾರ

ಎಪ್ಪತ್ತಾರು. ಉಂಗುರ ಜಾರಿ ಹಿಟ್ಟಿನಲ್ಲಿ ಬಿತ್ತು. ಅರ್ಧ ತಾಸು ಹಿಟ್ಟು ಜರಡಿ ಹಿಡಿದೆವು. ರೇಡಿಯೋ ತನ್ನ ರೊಟ್ಟಿಯಲ್ಲಿ ಸಿಕ್ಕರೆ ಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಳು. ಜರಡಿಯಲ್ಲೇ ಸಿಕ್ಕಿತು. ದಾರ ಸುತ್ತಿ ಹಾಕಿಕೊಂಡೆ.

ಜೂನ್ 5, ಬುಧವಾರ

ಈಗ ಟ್ಯಾಂಕು ದಾಟಿ ಹಿಂದಿನ ಬೀದಿಯ ಶಾಲೆಯ ತನಕ ಹೋಗುತ್ತೇನೆ. ಇಂದು ಮಧ್ಯಾಹ್ನ ಬಿಡುವಿತ್ತು, ಆಗಲೂ ಒಂದು ಸುತ್ತು ಹೋದೆ. ಕಿಟಕಿಯೊಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹದಿಮೂರರ ಮಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಎಡವಿದರು. ನಾನು ಹೊರಗೆ ನಿಂತು ಮೆಲ್ಲಗೆ ನೂರಾನಾಲ್ಕು ಎಂದೆ. ಟೀಚರು ಕೇಳಿಸಿಕೊಂಡು, ಇಂಥ ಬಿಸಿಲಲ್ಲಿ ಯಾಕಮ್ಮಾ ನಡೆಯುತ್ತಿದ್ದೀರಿ ಎಂದರು. ಸುಮ್ಮನೆ ಎಂದೆ.

ಟ್ಯಾಂಕಿನ ತನಕ ಹೋಗಿ ಬರಲು ಈಗ ಮೂವತ್ತೊಂದೇ ನಿಮಿಷ. ನಮ್ಮವರು ಮತ್ತೆ ವಾಚನ್ನು ಕಿವಿಗೆ ಹಿಡಿದರು.

ಜೂನ್ 8, ಶನಿವಾರ

ಆಸ್ಪತ್ರೆಯಲ್ಲಿ ತಂಗಿಯ ಪಕ್ಕ ಕೂತಿದ್ದೆ. ಅವಳು ಪಾಠದ ತಯಾರಿ ಮಾಡಿಕೊಳ್ಳುತ್ತಿದ್ದಳು, ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಅವಳಿಗೆ ಎರಡೇ ಹೋಳು ಎಂದು ಅಪ್ಪಣೆ. ತಿಂದಳು. ನಾಲ್ಕು ತಾಸು ಹೋದದ್ದೇ ತಿಳಿಯಲಿಲ್ಲ.

ಜೂನ್ 27, ಗುರುವಾರ

ಎಪ್ಪತ್ತೆರಡೂವರೆ. ಹನ್ನೊಂದೂವರೆ ಇಳಿದಿದೆ. ಸಕ್ಕರೆ ಹೊಸ್ತಿಲು ಬಿಟ್ಟು ಅಂಗಳಕ್ಕೆ ಹೋಗಿದೆ. ವಾರವಿಡೀ ರಕ್ತ, ಮೂತ್ರ, ಹೃದಯ, ಎಲ್ಲ ನೋಡಿದರು. ಯಾರಾದರೂ ನಿಮ್ಮನ್ನು ಒತ್ತಾಯಿಸಿದ್ದಾರೆಯೇ ಎಂದು ಬೇರೊಬ್ಬ ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ನನ್ನನ್ನು ಒತ್ತಾಯಿಸುವವರು ಇನ್ನೂ ಹುಟ್ಟಿಲ್ಲ ಎಂದೆ. ಕೊನೆಗೆ ದೊಡ್ಡ ಡಾಕ್ಟರು ಕಾಗದ ಮಡಚಿ, ಕೊಡಬಹುದು ಎಂದರು.

ಡಯಟ್ ಮೇಡಂ ಎದ್ದು ನಿಂತು ಕೈ ಹಿಡಿದುಕೊಂಡರು. ನಮ್ಮವರು ಆಸ್ಪತ್ರೆಯ ಗೋಡೆ ಗಡಿಯಾರ ಹತ್ತು ನಿಮಿಷ ಹಿಂದಿದೆ ಎಂದು ಯಾರಿಗೋ ಹೇಳುತ್ತಿದ್ದರು. ಅವರಿಗೆ ಭಯವಾದಾಗ ಹಾಗೆಯೇ.

ಜುಲೈ 2, ಮಂಗಳವಾರ

ತಂಗಿ ಬೇಡ ಎಂದಿದ್ದಾಳೆ.

ಬಾಯಲ್ಲಿ ಹೇಳಲಿಲ್ಲ, ಫೋನೂ ಮಾಡಲಿಲ್ಲ. ಬಸ್ಸಿನವರ ಕೈಯಲ್ಲಿ ಪತ್ರ ಕೊಟ್ಟು ಕಳಿಸಿದ್ದಾಳೆ. ಅವರು ಯೂನಿಫಾರ್ಮಿನಲ್ಲೇ ಬಂದು ಪತ್ರ ಮೇಜಿನ ಮೇಲಿಟ್ಟು, ನೀರೂ ಕುಡಿಯದೆ ಹೋದರು. ಮೂರು ಸಲ ಓದಿದೆ. ಇಲ್ಲಿ ಇಳಿಸಿಡುತ್ತೇನೆ.

“ಅಕ್ಕಾ, ನೀನು ನನ್ನನ್ನು ಎತ್ತಿ ಆಡಿಸಿದ್ದು ನಿಜ, ಶಾಲೆ ಬಿಟ್ಟದ್ದೂ ನಿಜ. ನನಗೆ ತಿಳುವಳಿಕೆ ಬಂದಾಗಿನಿಂದ ಅದನ್ನು ಕೇಳುತ್ತಲೇ ಇದ್ದೇನೆ. ನನ್ನ ಮದುವೆಯ ದಿನವೂ ಕೇಳಿದೆ, ಕೆಲಸ ಸಿಕ್ಕ ದಿನವೂ ಕೇಳಿದೆ. ಈಗ ನಿನ್ನ ಕಿಡ್ನಿ ನನ್ನೊಳಗೆ ಬಂದು ಕೂತರೆ ಅದೂ ಅದನ್ನೇ ಹೇಳುತ್ತದೆ, ಹಗಲೂ ರಾತ್ರಿ. ಮಷೀನು ಮಾತಾಡುವುದಿಲ್ಲ. ಈಚೆಗೆ ನೀನು ಬಂದು ಸುಮ್ಮನೆ ಕೂರುತ್ತೀಯ, ಅದು ನನಗೆ ಇಷ್ಟವಾಯಿತು. ಅದಕ್ಕೇ ಬರೆಯುವ ಧೈರ್ಯ ಬಂತು. ಸರದಿಯ ಪಟ್ಟಿಯಲ್ಲಿ ನನ್ನ ಹೆಸರಿದೆ, ಯಾರದಾದರೂ ಸಿಗುವ ತನಕ ಕಾಯುತ್ತೇನೆ. ಸಿಗದಿದ್ದರೂ ಸರಿ. ಒಂದೇ ಪ್ರಶ್ನೆ, ನಾನು ಬೇಡ ಎಂದರೆ ನೀನು ಏನು ಮಾಡುತ್ತೀಯ? ನಿಜ ಹೇಳು.”

ಸಿಗದಿದ್ದರೂ ಸರಿಯಂತೆ. ಎಷ್ಟು ಸಲೀಸಾಗಿ ಬರೆದಿದ್ದಾಳೆ. ಸರದಿಯಲ್ಲಿ ಆರು ವರ್ಷ ಕಾದವರನ್ನು ಆ ಮಷೀನಿನ ಕೋಣೆಯಲ್ಲೇ ನೋಡಿದ್ದೇನೆ. ಕಾಯಲಾಗದವರ ಮಂಚ ಖಾಲಿಯಾದದ್ದನ್ನೂ ನೋಡಿದ್ದೇನೆ.

ಇಂದಿಗೆ ಇಷ್ಟು ಸಾಕು.

ಜುಲೈ 3, ಬುಧವಾರ

ನಿನ್ನೆ ಸಂಜೆ ಸಿಟ್ಟಿಗೆ ಒಂದು ಡಬ್ಬಿ ಸಿಹಿ ತಿಂದೆ. ಹನ್ನೊಂದು ತುಂಡು. ಬರೆದಿದ್ದೇನೆ, ಆಯಿತು.

ಯಾರಿಗೋಸ್ಕರ ಇನ್ನು ಏಳುವುದು ಎಂದು ಹೊದ್ದು ಮಲಗಿದವಳು ಬೆಳಿಗ್ಗೆ ನೋಡಿದರೆ ಟ್ಯಾಂಕಿನ ಹತ್ತಿರ ಇದ್ದೇನೆ. ಯಾವಾಗ ಎದ್ದೆ, ಯಾವಾಗ ಚಪ್ಪಲಿ ಮೆಟ್ಟಿದೆ, ನೆನಪೇ ಇಲ್ಲ. ಕಾಲು ತಾನೇ ಕರೆದುಕೊಂಡು ಬಂದಿತ್ತು. ಅಲ್ಲಿಗೆ ಬಂದ ಮೇಲೆ ಹಿಂದಕ್ಕೆ ತಿರುಗುವುದೇಕೆ ಎಂದು ಶಾಲೆಯ ತನಕ ಹೋದೆ. ಗಾಳಿ ತಂಪಾಗಿತ್ತು.

ಮಧ್ಯಾಹ್ನ ಉತ್ತರ ಬರೆಯಲು ಕೂತೆ. ನಾಲ್ಕು ಪುಟ. ನಮ್ಮವರಿಗೆ ಓದಿ ಹೇಳಿದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಕೇಳಿದರು.

“ಇದು ಉತ್ತರವಾ, ಫಿರ್ಯಾದಾ?”

ಫಿರ್ಯಾದು ಎಂದರೆ ಏನು ತಪ್ಪು, ಇದರಲ್ಲಿ ಸುಳ್ಳು ಯಾವುದಿದೆ ಹೇಳಿ ಎಂದೆ. ಒಂದೂ ಸುಳ್ಳಿಲ್ಲ ಎಂದರು.

“ನೀನು ಶಾಲೆ ಬಿಟ್ಟಾಗ ಅವಳಿಗೆ ಎಷ್ಟು ವಯಸ್ಸು?”

ಒಲೆಯ ಮೇಲೆ ಹಾಲಿತ್ತು, ನೋಡಲು ಹೋದೆ.

ಜುಲೈ 4, ಗುರುವಾರ

ಉಪವಾಸ. ಪ್ರಾರ್ಥನೆಗೆ ಬಹಳ ಹೊತ್ತು ಕೂತೆ. ಅಪ್ಪ ನೆನಪಾದರು. ಒಂದು ದಿನ ಬೆಳಿಗ್ಗೆ ನನ್ನ ಪುಸ್ತಕದ ಚೀಲ ತೆಗೆದು ಅಟ್ಟಕ್ಕೆ ಹಾಕಿ, ಮಗುವನ್ನು ನನ್ನ ಸೊಂಟಕ್ಕೆ ಕೂರಿಸಿದವರು ಅವರು. ಅವರಿಗೆ ನಾನು ಒಂದು ಮಾತೂ ಅನ್ನಲಿಲ್ಲ. ಹೊಲದ ಕೆಲಸ, ಅವರಾದರೂ ಏನು ಮಾಡಿಯಾರು ಎಂದುಕೊಂಡೆ. ಅವರು ತೀರಿಹೋಗಿ ಇಪ್ಪತ್ತು ವರ್ಷವಾಯಿತು.

ನಾಲ್ಕು ಪುಟ ಒಲೆಗೆ ಹಾಕಿದೆ.

ಜುಲೈ 5, ಶುಕ್ರವಾರ

ನಡೆದು ಬಂದು, ರೊಟ್ಟಿ ಎರಡು ಮತ್ತು ತರಕಾರಿ ತಿಂದು, ಕೈ ತೊಳೆದು ಬರೆದೆ. ಒಂದೇ ಸಲಕ್ಕೆ ಬಂತು. ಇಲ್ಲಿಯೂ ಇಳಿಸಿಡುತ್ತೇನೆ.

“ತಂಗೀ, ನೀನು ಬೇಡ ಎಂದರೆ ನಾಳೆಯೂ ಐದಕ್ಕೆ ನಡೆಯಲು ಹೊರಡುತ್ತೇನೆ, ಅದು ಈಗ ನನ್ನದೇ ಆಗಿಬಿಟ್ಟಿದೆ. ಮಷೀನಿನ ದಿನ ಬಂದು ನಿನ್ನ ಪಕ್ಕ ಕೂರುತ್ತೇನೆ. ನೀನು ಬೇಕು ಎಂದರೆ ಡಾಕ್ಟರು ಹೇಳಿದ ದಿನ ಬಂದು ಮಲಗುತ್ತೇನೆ. ನನ್ನ ಹತ್ತಿರ ಎರಡಿವೆ. ನನಗೆ ನೀನು ಬದುಕುವುದು ಬೇಕು, ಇದೊಂದು ಆಸೆ ಮುಚ್ಚಿಡಲಾರೆ. ನನ್ನನ್ನು ಶಾಲೆ ಬಿಡಿಸಿದವಳು ನೀನಲ್ಲ. ಆಗ ನಿನಗೆ ಎರಡು ವರ್ಷ.”

ಇನ್ನೂ ಏನಾದರೂ ಸೇರಿಸಬೇಕೆಂದು ಪೆನ್ನು ಹಿಡಿದು ಕೂತಿದ್ದೆ. ಕೆಳಗೆ ಜಾಗವಿತ್ತು. ಹಾಗೆಯೇ ಬಿಟ್ಟು ಮಡಚಿದೆ.

ಬಸ್ಸಿನವರಿಗೆ ಭಾನುವಾರದ ತನಕ ರಜೆಯಿಲ್ಲ, ಅಲ್ಲಿಯವರೆಗೆ ಇದನ್ನು ಇಟ್ಟುಕೊಂಡರೆ ನಾನು ಬಿಚ್ಚಿ ತಿದ್ದುತ್ತೇನೆ, ನನ್ನನ್ನು ನಾನು ಬಲ್ಲೆ. ಈಗಷ್ಟೇ ಫೋನು ಮಾಡಿ ಹೇಳಿದೆ. ಉತ್ತರ ಬರೆದಾಗಿದೆ, ಹತ್ತೂವರೆಯ ಟ್ರಿಪ್ಪಿನಲ್ಲಿ ಹಾಸ್ಟೆಲಿನ ಮುಂದೆ ಒಂದು ನಿಮಿಷ ಬಸ್ಸು ನಿಲ್ಲಿಸಿ, ನಾನು ಗೇಟಿನ ಹತ್ತಿರ ನಿಂತಿರುತ್ತೇನೆ, ಬಂದು ತೆಗೆದುಕೊಂಡು ಹೋಗಿ ಎಂದು.